‘ಊರಿಗೆ ಹೋದಾಗ ತೋರಿಸಿದರಾಯ್ತು’ ಎನ್ನುವ ಮೊದಲು

ಮುಂಬಯಿಯ ಯಾವುದೇ ಕನ್ನಡ ಸಂಘದ ಶ್ರದ್ಧಾಂಜಲಿ ಸಭೆಗೆ ಹೋದರೂ ಒಂದು ಮಾತು ತಪ್ಪದೆ ಕಿವಿಗೆ ಬೀಳುತ್ತದೆ. ‘ನಿನ್ನೆ ಮೊನ್ನೆಯವರೆಗೆ ಓಡಾಡಿಕೊಂಡಿದ್ದವರು, ಇದ್ದಕ್ಕಿದ್ದಂತೆ ಹೋಗಿಬಿಟ್ಟರು.’ ಪದಾಧಿಕಾರಿಗಳು ಅಗಲಿದವರ ಗುಣಗಾನ ಮಾಡುತ್ತಾರೆ, ಒಂದು ನಿಮಿಷದ ಮೌನ ಪ್ರಾರ್ಥನೆಯಾಗುತ್ತದೆ, ಸಭೆ ಮುಗಿಯುತ್ತದೆ. ಆದರೆ ಸಭಾಗೃಹದ ಹೊರಗೆ ಚಹಾದ ಲೋಟ ಹಿಡಿದು ನಿಂತವರ ನಡುವೆ ಕೇಳಿಬರುವ ಮಾತು ಬೇರೆ. ‘ಎರಡು ತಿಂಗಳಿಂದ ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾಗುತ್ತದೆ ಎನ್ನುತ್ತಿದ್ದರು ಮಾರಾಯ್ರೆ. ಗ್ಯಾಸ್ ಎಂದು ಸೋಡಾ ಕುಡಿಯುತ್ತಿದ್ದರು. ಮೇ ತಿಂಗಳಲ್ಲಿ ಊರಿಗೆ ಹೋದಾಗ ನಮ್ಮ ಡಾಕ್ಟರಿಗೆ ತೋರಿಸುತ್ತೇನೆ ಎಂದಿದ್ದರು.’

ಹಾಗಾದರೆ ಆ ಸಾವನ್ನು ‘ಇದ್ದಕ್ಕಿದ್ದಂತೆ’ ಎನ್ನುವುದು ಹೇಗೆ? ದೇಹ ಎರಡು ತಿಂಗಳ ಮೊದಲೇ ಸೂಚನೆ ಕೊಟ್ಟಿತ್ತು. ಕೇಳಿಸಿಕೊಳ್ಳುವುದನ್ನು ಮುಂದೂಡಲಾಗಿತ್ತು. ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಈ ಮುಂದೂಡಿಕೆಗೆ ಒಂದು ಖಾಯಂ ಮಾತಿದೆ: ‘ಊರಿಗೆ ಹೋದಾಗ ತೋರಿಸಿದರಾಯ್ತು.’ ತವರೂರಿನ ಮೇಲಿನ ಮಮತೆಯಿಂದ ಹುಟ್ಟಿದ ಮಾತಾದ್ದರಿಂದ ಅದರ ಅಪಾಯ ಯಾರ ಕಣ್ಣಿಗೂ ಬೀಳುವುದಿಲ್ಲ. ಎಷ್ಟೋ ಸಂಸಾರಗಳು ಅದಕ್ಕೆ ತೆತ್ತಿರುವ ಬೆಲೆ ಮಾತ್ರ ದೊಡ್ಡದು.

ಮುಂದೂಡುವವರಿಗೂ ಕಾರಣಗಳಿವೆ

ಮುಂದೂಡುವವರನ್ನು ಉದಾಸೀನರು ಎಂದು ದೂರುವುದು ಸುಲಭ. ಅವರ ಕಷ್ಟವನ್ನೂ ಅರಿಯಬೇಕು. ಬೆಳಿಗ್ಗೆ ಐದಕ್ಕೆ ಒಲೆ ಹೊತ್ತಿಸಿ ರಾತ್ರಿ ಹನ್ನೊಂದಕ್ಕೆ ಶಟರ್ ಎಳೆಯುವ ಹೊಟೇಲಿನ ಕಾರ್ಮಿಕನಿಗೆ ಆಸ್ಪತ್ರೆಯ ಸರತಿಯಲ್ಲಿ ನಿಲ್ಲಲು ಅರ್ಧ ದಿನ ಎಲ್ಲಿಂದ ಬರಬೇಕು? ನಿಂತರೂ ಕೇಸ್ ಪೇಪರಿನ ಕಿಟಕಿಯಿಂದ ವೈದ್ಯರ ಕೋಣೆಯವರೆಗೆ ಮರಾಠಿಯಲ್ಲೋ ಹಿಂದಿಯಲ್ಲೋ ಹೇಳಬೇಕು. ವ್ಯಾಪಾರದ ಹಿಂದಿ ಎಲ್ಲರಿಗೂ ಬರುತ್ತದೆ. ಆದರೆ ಹೊಟ್ಟೆ ತೊಳಸುವುದು, ಎದೆ ಬಿಗಿಯುವುದು, ತಲೆ ಧಿಮ್ಮೆನ್ನುವುದು, ಕೈ ಜೋಮು ಹಿಡಿಯುವುದು ಇವನ್ನೆಲ್ಲ ಪರಭಾಷೆಯಲ್ಲಿ ವಿವರಿಸುವುದು ಹಲವರಿಂದಾಗದು. ಊರಿನ ಡಾಕ್ಟರಾದರೆ ಅಪ್ಪನ ಕಾಲದಿಂದ ಬಲ್ಲವರು, ತಮ್ಮದೇ ಭಾಷೆಯಲ್ಲಿ ಮಾತನಾಡಿಸುವವರು. ಅವರ ಮೇಲೆ ಭರವಸೆ ಹೆಚ್ಚಿರುವುದು ಸಹಜ.

ಗೃಹಿಣಿಯರದು ಇನ್ನೊಂದು ಬಗೆ. ಮಗಳ ಹತ್ತನೆಯ ತರಗತಿಯ ಪರೀಕ್ಷೆ ಮುಗಿಯಲಿ, ನಾದಿನಿಯ ಮದುವೆ ಕಳೆಯಲಿ, ಚೌತಿ ಹಬ್ಬ ದಾಟಲಿ ಎಂದು ತಮ್ಮ ನೋವನ್ನು ಎಲ್ಲದರ ಕೊನೆಗೆ ಇಡುತ್ತಾರೆ. ಡೊಂಬಿವಲಿ, ನಾಲಾಸೋಪಾರದಂತಹ ಉಪನಗರಗಳಲ್ಲಿ ಮಕ್ಕಳೊಂದಿಗಿರುವ ಹಿರಿಯರು, ಮಗ ರಜೆ ಹಾಕಬೇಕಾದೀತೆಂಬ ಸಂಕೋಚದಿಂದ ಬಾಯಿ ಬಿಡುವುದಿಲ್ಲ. ಎಲ್ಲಕ್ಕೂ ಮೇಲೆ ಖರ್ಚಿನ ಭಯ, ಪರೀಕ್ಷೆ ಮಾಡಿಸಿದರೆ ಏನು ಹೊರಬೀಳುವುದೋ ಎಂಬ ಹೆದರಿಕೆ. ಈ ಕಾರಣಗಳೆಲ್ಲ ನಿಜವೇ. ಆದರೆ ರೋಗಕ್ಕೆ ಇವು ತಿಳಿಯುವುದಿಲ್ಲ. ಅದು ತನ್ನ ಗಡಿಯಾರದ ಪ್ರಕಾರವೇ ನಡೆಯುತ್ತದೆ.

ಗ್ಯಾಸ್ ಎಂಬ ಸಮಾಧಾನ

ಎದೆಯ ನೋವಿಗೆ ಗ್ಯಾಸ್ ಎಂದು ಹೆಸರಿಟ್ಟುಕೊಂಡರೆ ಮನಸ್ಸಿಗೆ ಸಮಾಧಾನ. ಹೊತ್ತಲ್ಲದ ಹೊತ್ತಿನಲ್ಲಿ ಉಣ್ಣುವ ಹೊಟೇಲಿಗರಿಗೆ, ಲೋಕಲ್ ರೈಲಿನ ನೌಕರರಿಗೆ ಗ್ಯಾಸ್ ಹೊಸದೇನೂ ಅಲ್ಲವಾದ್ದರಿಂದ ಸಂಶಯವೂ ಬರುವುದಿಲ್ಲ. ಹೃದಯಕ್ಕೆ ರಕ್ತ ಒಯ್ಯುವ ನಾಳ ಮುಚ್ಚಿಕೊಂಡಾಗಲೂ ಹೊಟ್ಟೆಯ ಮೇಲ್ಭಾಗದಲ್ಲಿ ಉರಿ, ವಾಕರಿಕೆ, ತೇಗು ಬರಬಹುದು. ಎದೆಯ ನಡುವೆ ಭಾರ ಇಟ್ಟಂತಾಗುವುದು, ನೋವು ಎಡತೋಳು, ದವಡೆ, ಬೆನ್ನಿಗೆ ಹಬ್ಬುವುದು, ತಣ್ಣನೆ ಬೆವರುವುದು, ಉಸಿರು ಕಟ್ಟುವುದು ಇವು ಸಾಮಾನ್ಯ ಲಕ್ಷಣಗಳು. ಮಧುಮೇಹ ಇರುವವರಲ್ಲಿ ನರಗಳು ಕ್ಷೀಣಿಸಿರುವುದರಿಂದ ನೋವೇ ಇಲ್ಲದೆ ಬರೀ ಏದುಸಿರು, ಸುಸ್ತು ಕಾಣಿಸಬಹುದು. ಮಹಿಳೆಯರಲ್ಲಿಯೂ ಎದೆನೋವಿಗಿಂತ ಬೆನ್ನುನೋವು, ವಾಕರಿಕೆ, ವಿಪರೀತ ಆಯಾಸ ಎದ್ದು ಕಾಣುವುದುಂಟು. ಇದು ಗ್ಯಾಸೋ ಹೃದಯವೋ ಎಂದು ಮನೆಯಲ್ಲಿ ಕುಳಿತು ತೀರ್ಮಾನಿಸಲು ಯಾರಿಂದಲೂ ಸಾಧ್ಯವಿಲ್ಲ. ಕೆಲವೇ ನಿಮಿಷ ಹಿಡಿಯುವ ಇಸಿಜಿ ಬೇಕು. ಮೊದಲ ಇಸಿಜಿ ಸರಿಯಿದ್ದರೂ ವೈದ್ಯರು ರಕ್ತಪರೀಕ್ಷೆ ಮಾಡಿಸಿ, ಕೆಲವು ಗಂಟೆ ಇರಿಸಿಕೊಂಡು ಮತ್ತೊಮ್ಮೆ ನೋಡುವುದಕ್ಕೆ ಕಾರಣವಿದೆ. ದುಡ್ಡು ಕೀಳುತ್ತಾರೆಂದು ಆಗ ಎದ್ದು ಬರಬಾರದು.

ನಾಳ ಮುಚ್ಚಿದ ಮೇಲೆ ಹೃದಯದ ಸ್ನಾಯು ನಿಮಿಷ ಕಳೆದಂತೆ ಸಾಯುತ್ತ ಹೋಗುತ್ತದೆ. ಮೊದಲ ಒಂದು ಗಂಟೆಯನ್ನು ವೈದ್ಯರು ‘ಸುವರ್ಣ ಗಂಟೆ’ ಎನ್ನುವುದು ಇದಕ್ಕಾಗಿ. ಆಂಜಿಯೋಪ್ಲಾಸ್ಟಿಯಾಗಲಿ, ಹೆಪ್ಪು ಕರಗಿಸುವ ಚುಚ್ಚುಮದ್ದಾಗಲಿ ಬೇಗ ಆದಷ್ಟೂ ಹೆಚ್ಚು ಸ್ನಾಯು ಉಳಿಯುತ್ತದೆ. ಅಂಥ ಹೊತ್ತಿನಲ್ಲಿ ನಡೆದು ಹೋಗುವುದು, ಸ್ವತಃ ಗಾಡಿ ಓಡಿಸುವುದು, ರೈಲು ಹಿಡಿಯುವುದು ಸಲ್ಲ. 108ಕ್ಕೆ ಫೋನು ಮಾಡಬೇಕು. ಆಂಬುಲೆನ್ಸ್ ತಡವಾಗುವಂತಿದ್ದರೆ ಸಿಕ್ಕಿದ ಟ್ಯಾಕ್ಸಿಯಲ್ಲಿ ಜೊತೆಗೊಬ್ಬರನ್ನು ಕೂರಿಸಿಕೊಂಡು ಹೊರಡಬೇಕು.

ಹಲವರಲ್ಲಿ ಹೃದಯ ಇದಕ್ಕಿಂತ ಮೊದಲೇ ಮುನ್ಸೂಚನೆ ಕೊಟ್ಟಿರುತ್ತದೆ. ಅದನ್ನು ಗುರುತಿಸಲು ಮುಂಬಯಿಗರಿಗೆ ದಿನನಿತ್ಯದ ಒಂದು ಅಳತೆಗೋಲೇ ಇದೆ. ದಾದರಿನ ಸೇತುವೆಯನ್ನು ಇಪ್ಪತ್ತು ವರ್ಷಗಳಿಂದ ಒಂದೇ ಉಸಿರಿಗೆ ಹತ್ತುತ್ತಿದ್ದವರು ಈಗ ಅರ್ಧದಲ್ಲಿ ಕಂಬ ಹಿಡಿದು ನಿಲ್ಲುವಂತಾದರೆ, ನಿಂತ ಕೂಡಲೇ ಎದೆಯ ಬಿಗಿತ ಇಳಿದರೆ, ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಬಾರದು. ನಡೆದಾಗ ಬಂದು ನಿಂತಾಗ ಹೋಗುವ ನೋವು ಹೃದಯದ ನಾಳ ಕಿರಿದಾಗಿರುವುದರ ಸೂಚನೆ ಇರಬಹುದು. ಆ ವಾರವೇ ವೈದ್ಯರನ್ನು ಕಂಡರೆ ಮಾತ್ರೆಯಲ್ಲೇ ಹತೋಟಿಗೆ ಬರುವ ಸಾಧ್ಯತೆಯೂ ಇದೆ.

ಅರ್ಧ ಗಂಟೆಯಲ್ಲಿ ಸರಿಹೋದದ್ದು

ಮೆದುಳಿನ ಆಘಾತ, ಅಂದರೆ ಪಾರ್ಶ್ವವಾಯು ಅಥವಾ ಲಕ್ವದ ವಿಷಯದಲ್ಲಿ ತಡ ಇನ್ನೂ ದುಬಾರಿ. ಬಾಯಿ ಒಂದು ಬದಿಗೆ ವಾಲುವುದು, ಎರಡೂ ಕೈ ಎತ್ತಿದಾಗ ಒಂದು ಕೆಳಗೆ ಜಾರುವುದು, ಮಾತು ತೊದಲುವುದು ಈ ಮೂರರಲ್ಲಿ ಒಂದು ಕಂಡರೂ ಸಾಕು. ಮೆದುಳಿನ ನಾಳದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಕಾಣಿಸಿದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಆಗಬೇಕು, ರಕ್ತಸ್ರಾವದಿಂದಾದ ಆಘಾತಕ್ಕೆ ಆ ಮದ್ದು ಕೊಡುವಂತಿಲ್ಲ. ಆದ್ದರಿಂದ ಸ್ಕ್ಯಾನ್ ಸೌಲಭ್ಯ ಇರುವ ಆಸ್ಪತ್ರೆಗೇ ನೇರವಾಗಿ ಹೋಗಬೇಕು. ರೋಗಿ ಕೊನೆಯದಾಗಿ ಚೆನ್ನಾಗಿದ್ದ ಸಮಯವನ್ನು ಗಮನದಲ್ಲಿಟ್ಟುಕೊಂಡು ವೈದ್ಯರಿಗೆ ತಿಳಿಸಬೇಕು. ನುಂಗುವ ಶಕ್ತಿ ಕುಂದಿರಬಹುದಾದ್ದರಿಂದ ನೀರು, ಕಾಫಿ ಕುಡಿಸಬಾರದು. ಮನೆಯಲ್ಲಿದ್ದ ಬಿ.ಪಿ. ಮಾತ್ರೆಯನ್ನು ತಾವಾಗಿ ಕೊಡಬಾರದು.

ಊರಿನಲ್ಲಿ ಲಕ್ವಕ್ಕೆ ಮದ್ದು ಕೊಡುವವರಿದ್ದಾರೆ, ಎಣ್ಣೆ ತಿಕ್ಕುವವರಿದ್ದಾರೆ ಎಂದು ರೋಗಿಯನ್ನು ರೈಲು ಹತ್ತಿಸುವ ಪದ್ಧತಿ ಇನ್ನೂ ಪೂರ್ತಿ ನಿಂತಿಲ್ಲ. ಮುಂಬಯಿಯಿಂದ ಮಂಗಳೂರಿಗೆ ರೈಲು ಪ್ರಯಾಣವೇ ಹನ್ನೆರಡು ಗಂಟೆಗೂ ಹೆಚ್ಚು. ಚಿಕಿತ್ಸೆಗೆ ಇರುವ ಅವಧಿ ನಾಲ್ಕೂವರೆ ಗಂಟೆ. ಲೆಕ್ಕ ಇಷ್ಟೇ. ಮುಂದಿನ ಶುಶ್ರೂಷೆ, ವ್ಯಾಯಾಮ, ಆರೈಕೆಗೆ ಊರಿಗೆ ಹೋಗುವುದಾದರೆ ಹೋಗಲಿ, ಮೊದಲ ದಿನ ಮಾತ್ರ ಇರುವ ಊರಿನಲ್ಲೇ ಆಸ್ಪತ್ರೆ ಸೇರಬೇಕು.

ಇನ್ನೂ ಮೋಸ ಮಾಡುವ ಲಕ್ಷಣವೊಂದಿದೆ. ಗಲ್ಲೆಯಲ್ಲಿ ಕುಳಿತವರ ಕೈಯಿಂದ ಪೆನ್ನು ಜಾರುತ್ತದೆ, ಮಾತು ತೊದಲುತ್ತದೆ, ಅರ್ಧ ಗಂಟೆಯಲ್ಲಿ ಎಲ್ಲವೂ ಸರಿಹೋಗುತ್ತದೆ. ‘ನಿದ್ದೆ ಕಡಿಮೆಯಾಗಿತ್ತು, ಈಗ ಏನೂ ಇಲ್ಲ’ ಎಂದು ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಹೀಗೆ ಬಂದು ಹೋದದ್ದು ದೊಡ್ಡ ಆಘಾತದ ಮುನ್ಸೂಚನೆ ಇರಬಹುದು, ಅದರ ನಂತರದ ಕೆಲವು ದಿನಗಳಲ್ಲೇ ಅಪಾಯ ಅತಿ ಹೆಚ್ಚು. ಸರಿಹೋಯಿತೆಂದು ಸುಮ್ಮನಾಗದೆ ಅಂದೇ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭ ಇದು.

ನೋಯದ ಗಂಟು, ಬಿಡದ ಕೆಮ್ಮು

ನಿಧಾನವಾಗಿ ಬೆಳೆಯುವ ಕಾಯಿಲೆಗಳಲ್ಲಿ ಗಂಟೆಯ ಲೆಕ್ಕವಿಲ್ಲ, ವಾರದ ಲೆಕ್ಕವಿದೆ. ಎರಡು ವಾರ ದಾಟಿದ ಕೆಮ್ಮು, ಸಂಜೆಯ ಜ್ವರ, ಇಳಿಯುತ್ತಿರುವ ತೂಕ ಇದ್ದರೆ ಕಫ ಪರೀಕ್ಷೆಯಾಗಬೇಕು. ಸರ್ಕಾರಿ ವ್ಯವಸ್ಥೆಯಲ್ಲಿ ಕ್ಷಯದ ಪರೀಕ್ಷೆಯೂ ಔಷಧವೂ ಉಚಿತ. ಚಿಕಿತ್ಸೆಯ ಅವಧಿಯಲ್ಲಿ ಪೌಷ್ಟಿಕ ಆಹಾರಕ್ಕಾಗಿ 2018ರಲ್ಲಿ ಆರಂಭವಾದ ತಿಂಗಳಿಗೆ 500 ರೂಪಾಯಿಯ ನೆರವನ್ನು 2024ರ ನವೆಂಬರಿನಿಂದ 1,000 ರೂಪಾಯಿಗೆ ಏರಿಸಲಾಗಿದೆ. ಹೊಟೇಲಿನ ಮಾಳಿಗೆಯಲ್ಲಿ ಹತ್ತು ಹುಡುಗರು ಸಾಲಾಗಿ ಮಲಗುವ ಕಡೆ ಒಬ್ಬ ಮೇ ತಿಂಗಳವರೆಗೆ ಕಾದರೆ, ಉಳಿದ ಒಂಬತ್ತು ಮಂದಿಯೂ ಅವನೊಂದಿಗೆ ಅಪಾಯದಲ್ಲಿ ಕಾದಂತಾಗುತ್ತದೆ.

ಬಾಯಿಯ ಹುಣ್ಣು ಎರಡು ವಾರದಲ್ಲಿ ಮಾಯದಿದ್ದರೆ, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ಬಾಯಿ ಮೊದಲಿನಷ್ಟು ತೆರೆಯಲಾಗದಿದ್ದರೆ ತಡಮಾಡಬಾರದು. ತಂಬಾಕು ಹಾಕುವುದಿಲ್ಲ, ಬರೀ ಅಡಿಕೆ ಎಂಬ ಸಮಾಧಾನವೂ ಸಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಅಡಿಕೆ ತೋಟವಿರುವ ಮನೆಗಳವರಿಗೆ ಇದು ರುಚಿಸದ ಮಾತಾದರೂ ತಿಳಿದಿರಬೇಕಾದದ್ದು.

ಮಹಿಳೆಯರ ವಿಷಯದಲ್ಲಿ ಅಡ್ಡಬರುವುದು ಸಂಕೋಚ. ಸ್ತನದಲ್ಲಿ ಸಿಕ್ಕುವ ಗಂಟು ನೋಯುವುದಿಲ್ಲವೆಂದು ಬಿಟ್ಟುಬಿಡುತ್ತಾರೆ. ಕ್ಯಾನ್ಸರಿನ ಗಂಟು ಆರಂಭದಲ್ಲಿ ನೋಯದಿರುವುದೇ ಹೆಚ್ಚು. ಮುಟ್ಟು ನಿಂತು ವರ್ಷ ಕಳೆದ ಮೇಲೆ ರಕ್ತ ಕಾಣಿಸಿಕೊಂಡರೆ ‘ಉಷ್ಣ’ ಎನ್ನುತ್ತಾರೆ. ಅದು ಒಂದೇ ಸಲ ಆಗಿದ್ದರೂ ಪರೀಕ್ಷೆಯಾಗಲೇಬೇಕು.

ಬೇಗ ಗುರುತಿಸುವುದರಿಂದ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಇದೇ ಮಹಾನಗರದಲ್ಲಿದೆ. ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯು 1998ರಲ್ಲಿ ಮುಂಬಯಿಯ ಕೊಳೆಗೇರಿಗಳ 35ರಿಂದ 64 ವರ್ಷ ವಯಸ್ಸಿನ ಒಂದೂವರೆ ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡ ಅಧ್ಯಯನ ಆರಂಭಿಸಿತು. ಒಂದು ಭಾಗದವರಿಗೆ ಎರಡು ವರ್ಷಕ್ಕೊಮ್ಮೆ ಕೈಯಿಂದ ಸ್ತನ ಪರೀಕ್ಷೆ, ವಿನೆಗರ್ ಹಚ್ಚಿ ಬರಿಗಣ್ಣಿನಿಂದ ಗರ್ಭಕೊರಳಿನ ಪರೀಕ್ಷೆ ಮಾಡಲಾಯಿತು. ಮಾಡಿದವರು ವೈದ್ಯರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಈ ಗುಂಪಿನಲ್ಲಿ ಗರ್ಭಕೊರಳಿನ ಕ್ಯಾನ್ಸರಿನಿಂದಾದ ಸಾವು ಶೇ. 31ರಷ್ಟು ಕಡಿಮೆಯಾದದ್ದು 2014ರಲ್ಲಿ ಪ್ರಕಟವಾಯಿತು. ಸ್ತನ ಕ್ಯಾನ್ಸರ್ ಕುರಿತ ಫಲಿತಾಂಶ 2021ರಲ್ಲಿ ಬಂತು. ಮೂರು ಮತ್ತು ನಾಲ್ಕನೆಯ ಹಂತ ತಲುಪಿದ ಮೇಲೆ ಪತ್ತೆಯಾದವರು ಪರೀಕ್ಷೆಯಿಲ್ಲದ ಗುಂಪಿನಲ್ಲಿ ಶೇ. 47 ಇದ್ದರೆ ಪರೀಕ್ಷೆಯಾದ ಗುಂಪಿನಲ್ಲಿ ಶೇ. 37. ಐವತ್ತು ದಾಟಿದವರಲ್ಲಿ ಸಾವು ಸುಮಾರು ಶೇ. 30ರಷ್ಟು ತಗ್ಗಿತು, ಅದಕ್ಕಿಂತ ಕಿರಿಯರಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಹತ್ತನೆಯ ತರಗತಿ ಓದಿದ ಕಾರ್ಯಕರ್ತೆಯರು ಚಾಳುಗಳ ನಡುವೆ ಮಾಡಿದ ಕೆಲಸದಿಂದ ಇಷ್ಟಾಗುವುದಾದರೆ, ಕೈಗೆ ಗಂಟು ಸಿಕ್ಕಿದ ದಿನವೇ ಬಾಯಿಬಿಟ್ಟು ಹೇಳುವುದರಿಂದ ಏಕೆ ಪ್ರಯೋಜನವಾಗದು?

ಹಾಗೆಂದು ಪ್ರತಿ ನೋವಿಗೂ ಹೆದರಬೇಕೆ?

ಸಣ್ಣ ನೆಗಡಿಗೂ ಆಸ್ಪತ್ರೆಗೆ ಓಡಿದರೆ ದುಡಿಯುವುದು ಯಾವಾಗ ಎಂದು ಕೇಳುವವರಿದ್ದಾರೆ. ಬೇಡದ ಪರೀಕ್ಷೆಗಳನ್ನು ಬರೆದುಕೊಡುವ ಕಡೆಗಳೂ ಇವೆ ಎಂಬ ದೂರು ಸುಳ್ಳೇನಲ್ಲ. ಆದರೆ ಇಲ್ಲಿ ಹೇಳುತ್ತಿರುವುದು ಹಳೆಯ ಮಂಡಿನೋವಿನ ಮಾತಲ್ಲ. ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು. ಇದು ಈ ದೇಹಕ್ಕೆ ಹೊಸದೇ? ಎರಡು ವಾರವಾದರೂ ಹೋಗುತ್ತಿಲ್ಲವೇ? ಹೆಚ್ಚುತ್ತ ಇದೆಯೇ? ಒಂದಕ್ಕೆ ಹೌದೆಂಬ ಉತ್ತರ ಬಂದರೂ ವೈದ್ಯರಿಗೆ ತೋರಿಸಬೇಕು. ಎದೆಯ ಬಿಗಿತ, ಉಸಿರು ಕಟ್ಟುವುದು, ಬಾಯಿ ವಾಲುವುದು, ಪ್ರಜ್ಞೆ ತಪ್ಪುವುದು ಇವುಗಳಲ್ಲಿ ಪ್ರಶ್ನೆ ಕೇಳಿಕೊಳ್ಳುವಷ್ಟು ಹೊತ್ತೂ ಇಲ್ಲ. ಖಾಸಗಿ ಆಸ್ಪತ್ರೆಯ ಮೇಲೆ ಸಂಶಯವಿದ್ದರೆ ಕೆ.ಇ.ಎಂ., ಸಯಾನ್, ನಾಯರ್‌ನಂತಹ ಪಾಲಿಕೆಯ ಆಸ್ಪತ್ರೆಗಳಿವೆ. ಎರಡನೆಯ ಅಭಿಪ್ರಾಯ ಕೇಳುವುದು ತಪ್ಪಲ್ಲ. ಅದನ್ನೂ ಇದೇ ವಾರ, ಇದೇ ನಗರದಲ್ಲಿ ಕೇಳಬೇಕು. ಪರೀಕ್ಷಿಸಿದ ವೈದ್ಯರು ‘ಏನೂ ಇಲ್ಲ, ಗ್ಯಾಸೇ’ ಎಂದರೆ ದುಡ್ಡು ದಂಡವಾಯಿತೆಂದು ಕೊರಗಬೇಕಾಗಿಲ್ಲ. ಆಗ ಕುಡಿಯುವ ಸೋಡಾ ನಿಶ್ಚಿಂತೆಯ ಸೋಡಾ.

ಹೋಗುವಾಗ ಹಳೆಯ ಚೀಟಿಗಳು ಜೊತೆಗಿರಬೇಕು. ಅನೇಕರ ಫೈಲು ಊರಿನ ಮನೆಯ ಕಪಾಟಿನಲ್ಲಿರುತ್ತದೆ, ರೋಗಿ ಮುಂಬಯಿಯಲ್ಲಿರುತ್ತಾರೆ. ಊರಿನವರಿಂದ ಫೋಟೋ ತೆಗೆಸಿ ಮೊಬೈಲಿನಲ್ಲಿ ಇಟ್ಟುಕೊಳ್ಳುವುದು ಹತ್ತು ನಿಮಿಷದ ಕೆಲಸ. ಲಕ್ಷಣ ಯಾವಾಗ ಶುರುವಾಯಿತು, ಯಾವ ಮಾತ್ರೆಗಳು ನಡೆಯುತ್ತಿವೆ ಎಂಬುದನ್ನು ಒಂದು ಕಾಗದದಲ್ಲಿ ಬರೆದುಕೊಂಡರೆ ಭಾಷೆಯ ತೊಡಕೂ ಅರ್ಧ ಕಡಿಮೆಯಾಗುತ್ತದೆ.

ಸಂಘಗಳು ಮಾಡಬಹುದಾದದ್ದು

ನಗರದ ಕನ್ನಡ ಸಂಘಸಂಸ್ಥೆಗಳು ಉಚಿತ ವೈದ್ಯಕೀಯ ಶಿಬಿರಗಳನ್ನು ನಡೆಸುತ್ತಿರುವುದು ಶ್ಲಾಘನೀಯ. ರಕ್ತದೊತ್ತಡ, ಸಕ್ಕರೆ, ಕಣ್ಣಿನ ತಪಾಸಣೆಯಿಂದ ಎಷ್ಟೋ ಮಂದಿಗೆ ಉಪಕಾರವಾಗಿದೆ. ಆದರೆ ಶಿಬಿರ ವರ್ಷಕ್ಕೊಮ್ಮೆ, ಭಾನುವಾರ. ರೋಗಲಕ್ಷಣ ಬರುವುದು ಮಂಗಳವಾರ ರಾತ್ರಿ ಎರಡು ಗಂಟೆಗೆ. ಶಿಬಿರದಲ್ಲಿ ಬಿ.ಪಿ. 180 ಇದೆ ಎಂದು ಬರೆದುಕೊಟ್ಟ ಚೀಟಿ ಅಂಗಿಯ ಕಿಸೆಯಲ್ಲೇ ಉಳಿದರೆ ಆ ಶಿಬಿರದಿಂದ ಏನಾಯಿತು? ಹದಿನೈದು ದಿನದ ಬಳಿಕ ಅವರಿಗೊಂದು ಫೋನು ಮಾಡಿ ‘ತೋರಿಸಿದಿರಾ ಅಣ್ಣ?’ ಎಂದು ವಿಚಾರಿಸುವ ಹೊಣೆಯನ್ನು ಯುವ ವಿಭಾಗದ ನಾಲ್ವರು ವಹಿಸಿಕೊಂಡರೆ ಶಿಬಿರಕ್ಕೆ ಅರ್ಥ ಬರುತ್ತದೆ.

ಪ್ರತಿ ಉಪನಗರದಲ್ಲಿ ಮರಾಠಿ ಬಲ್ಲ, ರೋಗಿಯ ಜೊತೆ ಆಸ್ಪತ್ರೆಗೆ ಹೋಗಲು ಸಿದ್ಧರಿರುವ ಮೂರೋ ನಾಲ್ಕೋ ಸದಸ್ಯರ ಫೋನ್ ನಂಬರುಗಳನ್ನು ಸಂಘದ ಕ್ಯಾಲೆಂಡರಿನಲ್ಲೇ ಮುದ್ರಿಸಬಹುದು. ಮಹಿಳಾ ವಿಭಾಗಗಳು ಅರಸಿನ ಕುಂಕುಮದ ಸಂಜೆಯಲ್ಲಿ ಅರ್ಧ ಗಂಟೆಯನ್ನು ವೈದ್ಯೆಯೊಬ್ಬರ ಮಾತಿಗೆ ಮೀಸಲಿಟ್ಟರೆ, ಸಂಕೋಚದ ವಿಷಯಗಳು ಹೆಂಗಸರ ನಡುವೆ ತಾವಾಗಿ ಹೊರಬರುತ್ತವೆ.

ಹಣದ ಮಾತೂ ಇದೆ. ಸಂಘಗಳ ವೈದ್ಯಕೀಯ ನೆರವು ಬಹುತೇಕ ದೊರೆಯುವುದು ಆಸ್ಪತ್ರೆಯ ದೊಡ್ಡ ಬಿಲ್ಲು ಕೈಗೆ ಬಂದ ಮೇಲೆ. ಅದರ ಒಂದು ಸಣ್ಣ ಪಾಲನ್ನು ಮೊದಲ ಪರೀಕ್ಷೆಗೆ, ಇಸಿಜಿಗೆ, ರಾತ್ರಿಯ ಟ್ಯಾಕ್ಸಿಗೆ ಎತ್ತಿಟ್ಟರೆ ಆ ದೊಡ್ಡ ಬಿಲ್ಲು ಎಷ್ಟೋ ಸಲ ಬಾರದೆಯೇ ಹೋಗಬಹುದು. ಎಪ್ಪತ್ತು ವರ್ಷ ದಾಟಿದ ಎಲ್ಲರಿಗೂ ಆದಾಯದ ಮಿತಿಯಿಲ್ಲದೆ ಆಯುಷ್ಮಾನ್ ಭಾರತ ಯೋಜನೆಯ ಸೌಲಭ್ಯ 2024ರ ಅಕ್ಟೋಬರಿನಲ್ಲಿ ಜಾರಿಗೆ ಬಂದಿದೆ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಯೋಜನೆಯಲ್ಲಿ ನೋಂದಾಯಿಸಿಕೊಂಡ ಆಸ್ಪತ್ರೆಗಳಲ್ಲಿ ಇದು ದೊರೆಯುತ್ತದೆ. ಆಧಾರ್ ಹಿಡಿದು ಹಿರಿಯರ ಕಾರ್ಡು ಮಾಡಿಸಿಕೊಡುವುದಕ್ಕಿಂತ ಒಳ್ಳೆಯ ಸನ್ಮಾನ ಬೇರೆ ಇಲ್ಲ.

ಸಂಘಗಳ ಮುಂದಾಳುಗಳಲ್ಲಿ ಅನೇಕರು ಹೊಟೇಲು ಉದ್ಯಮಿಗಳೇ. ಕೆಲಸದ ಹುಡುಗ ‘ಧಣಿ, ಎದೆ ನೋಯುತ್ತದೆ’ ಎಂದಾಗ ‘ರಶ್ ಕಳೆಯಲಿ’ ಎನ್ನದೆ ಆ ಕೂಡಲೇ ಕಳುಹಿಸುವ, ಆಸ್ಪತ್ರೆಯ ಅರ್ಧ ದಿನಕ್ಕೆ ಸಂಬಳ ಕಡಿಯದ ನಿಯಮವೊಂದನ್ನು ಅವರು ತಮ್ಮಲ್ಲೇ ಮಾಡಿಕೊಂಡರೆ ಹತ್ತು ಶಿಬಿರಗಳಿಗೆ ಸಮ. ಇ.ಎಸ್.ಐ. ವ್ಯಾಪ್ತಿಗೆ ಬರುವ ಕಾರ್ಮಿಕರಿಗೆ ಚಿಕಿತ್ಸೆಯ ಜೊತೆಗೆ ಅನಾರೋಗ್ಯದ ರಜೆಗೂ ವೇತನದ ಒಂದು ಪಾಲು ದೊರೆಯುತ್ತದೆ ಎಂಬುದನ್ನು ಕಾರ್ಮಿಕರಿಗೆ ತಿಳಿಸಿ ಹೇಳುವುದೂ ಅವರ ಕರ್ತವ್ಯ.

ತವರೂರು ಎಲ್ಲರಿಗೂ ಬೇಕು. ಮಳೆಗಾಲಕ್ಕೆ ಮೊದಲು ಮನೆ ನೋಡಿ ಬರಲು, ದೈವದ ಕೋಲಕ್ಕೆ, ಮದುವೆ ಮುಂಜಿಗೆ, ಹಿರಿಯರ ಮುಖ ಕಾಣಲು ವರ್ಷಕ್ಕೊಮ್ಮೆ ಹೋಗಿಬರುವ ಸುಖ ದೊಡ್ಡದು. ಊರಿನ ಡಾಕ್ಟರನ್ನೂ ಕಂಡು ನಾಲ್ಕು ಮಾತಾಡಿ ಬರಲಿ. ಆದರೆ ಈ ವಾರ ಶುರುವಾದ ಎದೆಯ ಬಿಗಿತ, ನಿನ್ನೆ ಕೈಗೆ ಸಿಕ್ಕಿದ ಗಂಟು, ಹದಿನೈದು ದಿನದ ಕೆಮ್ಮು ಅಲ್ಲಿಯವರೆಗೆ ಕಾಯಬಾರದು. ಮೇ ತಿಂಗಳ ಟಿಕೆಟು ಈಗಾಗಲೇ ಕಾದಿರಿಸಿದವರು ಇಲ್ಲಿಯ ವೈದ್ಯರನ್ನು ಮೊದಲು ಕಾಣಲಿ. ಆಮೇಲೆ ನೆಮ್ಮದಿಯಿಂದ ರೈಲು ಹತ್ತಲಿ.